ಜೈನಬ್ ಖಾಲಾರ ಹರಿಯಾಲಿ

ಜೈನಬ್ ಖಾಲಾ ನಗುವಾಗ ಬಾಯಿಗೆ ಸೆರಗು ಹಿಡಿಯುತ್ತಿರಲಿಲ್ಲ. ನಿಜಾಮರ ಕಾಲದ ಬೀದರದಲ್ಲಿ ಪರದೆಯೊಳಗಿನ ಹೆಂಗಸೊಬ್ಬರ ನಗು ಗೋಡೆ ದಾಟಿ ಓಣಿಗೆ ಕೇಳುವುದೆಂದರೆ ಸಣ್ಣ ಮಾತಲ್ಲ. ಭಾಲ್ಕಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಹಿತ್ತಲ ಗೋಡೆಯಾಚೆ ಆ ನಗು ಕೇಳಿ ನಾನು ಬೆಚ್ಚಿಬಿದ್ದಿದ್ದೆ. ಅತ್ತೆಯವರು, "ವಕೀಲ ಸಾಹೇಬರ ಮನಿಯಾಕಿ. ಕೋಳಿ ಸಂಗಾಟ ಮಾತಾಡಕೋತ ನಗ್ತಾಳ," ಎಂದು ಮುಖ ಸಿಂಡರಿಸಿದರು.

ಎರಡೂ ಹಿತ್ತಲುಗಳ ನಡುವೆ ಸಣ್ಣ ಬಾಗಿಲೊಂದಿತ್ತು. ನಮ್ಮ ಮನೆಯ ಮಜ್ಜಿಗೆ, ಅವರ ಹಿತ್ತಲ ನಿಂಬೆಹಣ್ಣು ಅದರಲ್ಲಿ ಓಡಾಡುತ್ತಿದ್ದವು. ಲಿಂಗವಂತರ ಮನೆಯ ನಮಗೆ ಅವರ ಕೋಳಿ, ತತ್ತಿಗಳ ಗೊಡವೆ ಇರಲಿಲ್ಲ. ಆದರೂ ಮಧ್ಯಾಹ್ನದ ಕೆಲಸ ಮುಗಿದ ಮೇಲೆ ನಾನು ಆ ಬಾಗಿಲಲ್ಲೇ ಕೂತಿರುತ್ತಿದ್ದೆ. ಚಿಕ್ಕಮ್ಮ ಎನ್ನುವ ಹಾಗೆ ನಾನು ಅವರನ್ನು ಖಾಲಾ ಎನ್ನುತ್ತಿದ್ದೆ. ಎತ್ತರದ ಆಳು. ಓಢಣಿಯನ್ನು ಸೊಂಟಕ್ಕೆ ಬಿಗಿದು, ಕೈತುಂಬ ಹಸಿರು ಬಳೆ ಏರಿಸಿಕೊಂಡು ಹಿತ್ತಲೆಲ್ಲ ತಿರುಗುತ್ತಿದ್ದರು. ಔರಾದಿನ ಹೊಲಗಳಲ್ಲಿ ಓಡಾಡಿ ಬೆಳೆದವರಿಗೆ ಮದುವೆಯಾದ ಮೇಲೆ ಉಳಿದ ಬಯಲು ಆ ಹಿತ್ತಲಷ್ಟೇ. ಏನೇ ಕಷ್ಟ ಹೇಳಿಕೊಂಡು ಹೋದರೂ ಅವರದು ಒಂದೇ ಮಾತು: "ಮೊದಲ ಸರಿಯಾಗಿ ನೋಡು ಬೇಟಾ. ಆಮ್ಯಾಲ ಬೇಕಂದ್ರ ಇಬ್ಬರೂ ಕೂಡಿ ಅಳೋಣ."

ಮನೆಯ ಮುಂದೆ ವಕೀಲ ಸಾಹೇಬರ ಹರಿಯಾಲಿ ಇತ್ತು. ಸಿಕಂದರಾಬಾದಿನ ಬಂಗಲೆಗಳ ಮುಂದಿನ ಹುಲ್ಲುಹಾಸು ನೋಡಿ ಬಂದು, ಬೀದರದ ಕೆಮ್ಮಣ್ಣಿನ ಮೇಲೆ ಕರಿಕೆ ಹುಲ್ಲು ಹಬ್ಬಿಸಿದ್ದರು. ಸಂಜೆ ಅಲ್ಲಿ ಕುರ್ಚಿ ಹಾಕಿ ಚಹಾ ಕುಡಿಯುವವರು ಗಂಡಸರು ಮಾತ್ರ. ಖಾಲಾ ಅದನ್ನು ಒಳಮನೆಯ ಬಿದಿರುಕಡ್ಡಿ ಹೆಣೆದ ಚಿಕ್ಕಿನ ಪರದೆಯ ಸಂದಿಯಿಂದ ನೋಡಿದ್ದರೇ ಹೊರತು, ಅದರ ಮೇಲೆ ಎಂದೂ ಕಾಲಿಟ್ಟಿರಲಿಲ್ಲ. ಕೋಳಿಗಳಿಗೆ ಮಾತ್ರ ಪರದೆ ಇರಲಿಲ್ಲ. ಹಿತ್ತಲಿಂದ ಮುಂದಕ್ಕೆ ನುಸುಳಿ, ಕೆದರಿ, ಮಣ್ಣಿನಲ್ಲಿ ಹೊರಳಾಡಿ ಸಂಜೆಗೆ ಗೂಡು ಸೇರುತ್ತಿದ್ದವು.

ಒಮ್ಮೆ ಕಚೇರಿಯ ದೊಡ್ಡ ಸಾಹೇಬರೊಬ್ಬರು ಚಹಾಕ್ಕೆ ಬಂದರು. ಕೋಳಿ ಹೊರಳಾಡಿ ಮಾಡಿದ್ದ ಗುಂಡಿಗೆ ಅವರ ಕುರ್ಚಿಯ ಹಿಂಗಾಲು ಇಳಿದು, ಅವರು ಚಹಾದ ಬಟ್ಟಲಿನ ಸಮೇತ ಅಂಗಾತ ಬಿದ್ದರು. ಬಿಳಿ ಶೇರ್ವಾನಿ ಪೂರಾ ಕೆಂಪಾಯಿತು. ಕೋಳಿಗಳನ್ನೆಲ್ಲ ಔರಾದಿನ ಗಾಡಿಗೆ ಹಾಕಿ ಕಳಿಸಬೇಕೆಂದು ವಕೀಲರು ಆ ದಿನವೇ ಹೇಳಿಬಿಟ್ಟರು.

ಮರುದಿನ ಖಾಲಾ ಬಾಗಿಲ ಹತ್ತಿರ ಬಂದು ಕೂತಾಗ ಮುಖದಲ್ಲಿ ಕಳೆ ಇರಲಿಲ್ಲ. ಅವರ ತಾಯಿ ಮದುವೆಯ ಗಾಡಿಯಲ್ಲಿ ಬುಟ್ಟಿ ಇಟ್ಟು ಕಳಿಸಿದ ಕೋಳಿಗಳ ಸಂತಾನ ಅವು. ತಾಯಿ ಈಗ ಇರಲಿಲ್ಲ. "ನನಗ ತವರಮನಿ ಅಂತ ಉಳದದ್ದು ಇವೇ," ಎಂದರು. ಆದರೆ ಗಂಡನ ಮುಂದೆ ಅವರು ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಕೋಳಿ ಕಳಿಸುವುದಿದ್ದರೆ ಕಳಿಸಿ, ಅದಕ್ಕೂ ಮೊದಲು ಅವು ಏನು ಮಾಡಿವೆ ಅಂತ ತಾನೇ ಕಣ್ಣಾರೆ ನೋಡಬೇಕು ಎಂದು ಕೇಳಿದ್ದರು. ಎದುರು ಪಕ್ಷದ ಮಾತು ಕೇಳದೆ ಮುಂದೆ ಹೋಗುವುದು ವಕೀಲರ ಸ್ವಭಾವವಲ್ಲ. ತಾವು ಅದಾಲತ್ತಿಗೆ ಹೋದ ಹೊತ್ತಿನಲ್ಲಿ ಗೇಟು ಹಾಕಿಸಿ ನೋಡು ಎಂದು ಒಪ್ಪಿದ್ದರು.

ಹಾಗೆ ಒಂದು ಮಧ್ಯಾಹ್ನ ಖಾಲಾ ತಮ್ಮದೇ ಮನೆಯ ಮುಂದಕ್ಕೆ ಮೊದಲ ಸಲ ಬಂದರು. ನಾನೂ ಜೊತೆಗಿದ್ದೆ. ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟರು. ಆಮೇಲೆ ಮಂಡಿಯೂರಿ ಹಳದಿಯಾದ ಕಡೆ ಹುಲ್ಲು ಹಿಡಿದೆಳೆದರೆ, ಅದು ಚಾಪೆಯ ಹಾಗೆ ಎದ್ದುಬಂತು. ಕೆಳಗೆ ಬೇರುಗಳೇ ಇರಲಿಲ್ಲ, ಕೊಬ್ಬಿದ ಬಿಳಿ ಗೊಣ್ಣೆಹುಳುಗಳಿದ್ದವು. ಕೋಳಿ ಕೆದರುತ್ತಿದ್ದದ್ದು ಆ ಹುಳುಗಳಿಗಾಗಿ. ಅಲ್ಲೇ ಇದ್ದ ಬೇವಿನ ಮರದ ನೆರಳಿನ ಗುಂಡಿಗಳು ಮಾತ್ರ ಖರೇನೇ ಕೋಳಿಗಳ ಕೆಲಸ. "ತಪ್ಪು ಕೋಳೀದೂ ಅದ. ಆದ್ರ ಪೂರಾ ಕೋಳೀದಲ್ಲ," ಎಂದರು ಖಾಲಾ. ಮಳೆಗಾಲ ಮುಗಿಯುವತನಕ ವಕೀಲರಿಂದ ಗಡುವು ಪಡೆದರು.

ಮೊದಲು ಸೋಲೇ ಆಯಿತು. ಹುಳು ತಿನ್ನಲೆಂದು ದಿನವಿಡೀ ಬಿಟ್ಟ ಕೋಳಿಗಳು ಒಂದು ಮೂಲೆಯನ್ನು ಕೆದರಿ ಕೆದರಿ ಬೋಳು ಮಾಡಿದವು. ಹಿಕ್ಕೆ ಹೆಚ್ಚಾದ ಕಡೆ ಉಳಿದ ಹುಲ್ಲೂ ಸುಟ್ಟುಹೋಯಿತು. ವಕೀಲರು ಬೋಳು ಮೂಲೆಯನ್ನು ಸುತ್ತಿ ನೋಡಿ ಒಳಗೆ ಹೋದರು. ಗಡುವು ಈಗಲೇ ಮುರಿದೀತೆಂದು ಖಾಲಾ ಹೆದರಿದರು. ಅವರು ಹೆದರಿದ್ದನ್ನು ನಾನು ಕಂಡದ್ದು ಆಗ ಮಾತ್ರ. ಎರಡು ದಿನ ಗೋಡೆಯಾಚೆ ಅವರ ದನಿಯೇ ಕೇಳಲಿಲ್ಲ.

ಮೂರನೆಯ ದಿನ ಅವರೇ ಕರೆದರು. ಕೋಳಿ ಹಾದುಹೋದಲ್ಲಿ ಹುಲ್ಲು ಕಪ್ಪುಹಸಿರಾಗಿದೆ, ನಿಂತಲ್ಲಿ ಸತ್ತಿದೆ, ಹಾಗಾದರೆ ಅವನ್ನು ನಿಲ್ಲಲು ಬಿಡಬಾರದು ಎಂದರು. ವಕೀಲರು ಅದಾಲತ್ತಿಗೆ ಹೋದ ಮೇಲೆ ಗೇಟು ಹಾಕಿಸಿ, ಇಬ್ಬರೂ ಸೇರಿ ಬಿದಿರಿನ ತಟ್ಟಿ ಕಟ್ಟಿದೆವು. ಕೋಳಿಗಳಿಗೆ ಇಳಿಹೊತ್ತಿನಲ್ಲಿ ಮಾತ್ರ ಪ್ರವೇಶ, ಇವತ್ತು ಈ ತುಂಡು, ನಾಳೆ ಆಚೆಯದು. ಹೊರಳಾಡಲು ಹಿತ್ತಲ ಸೀತಾಫಲದ ಗಿಡದ ಕೆಳಗೆ ಬೂದಿ, ಮರಳು ಸುರಿದು ಅವುಗಳದೇ ಜಾಗ ಮಾಡಿಕೊಟ್ಟೆವು. ಬೋಳಾದಲ್ಲಿ ಕರಿಕೆಯ ಕುಡಿ ನೆಟ್ಟೆವು. ನನ್ನ ಉಗುರಿನ ಕೆಮ್ಮಣ್ಣು ನೋಡಿ ಅತ್ತೆಯವರು ಗೊಣಗಿದರು, ಆದರೆ ತಡೆಯಲಿಲ್ಲ. ಮಳೆ ಜೋರಾಗಿ ಹಿಡಿಯಿತು. ಬಿಸಿಲು ತಿರುಗಿ ಬರುವ ಹೊತ್ತಿಗೆ ಹುಳುವಿನ ಸುಳಿವಿರಲಿಲ್ಲ. ಎಳೆದರೂ ಏಳದಷ್ಟು ಗಟ್ಟಿಯಾಗಿ, ದಟ್ಟವಾಗಿ ಕರಿಕೆ ನೆಲ ಹಿಡಿದಿತ್ತು.

ಹಿಂದೆ ಬಿದ್ದಿದ್ದ ಸಾಹೇಬರೇ ಮತ್ತೆ ಬಂದರು. ಕುರ್ಚಿಯನ್ನು ಅಲ್ಲಾಡಿಸಿ ನೋಡಿ ಕೂತು, ಇಂಥ ಹುಲ್ಲು ಹೈದರಾಬಾದಿನಲ್ಲೂ ಕಂಡಿಲ್ಲ, ಮಾಲಿ ಎಲ್ಲಿಯವನು ಎಂದು ಕೇಳಿದರು. ನಾನೂ ಖಾಲಾರೂ ಚಿಕ್ಕಿನ ಹಿಂದೆ ನಿಂತಿದ್ದೆವು. ಹೆಂಡತಿಯ ಹೆಸರನ್ನು ಪರಗಂಡಸರ ಮುಂದೆ ಎತ್ತದ ಕಾಲ. ವಕೀಲ ಸಾಹೇಬರು ಬಟ್ಟಲು ಕೆಳಗಿಟ್ಟು ಹೇಳಿದರು: "ಮಾಲಿ ಯಾರೂ ಇಲ್ರಿ. ಇದು ನಮ್ಮ ಮನಿಯವರು ಬೆಳೆಸಿದ ಹರಿಯಾಲಿ. ಅವರು ಮತ್ತ ಅವರ ಕೋಳಿ."

ಖಾಲಾ ನನ್ನ ಕೈಯನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದರು. ಅತಿಥಿಗಳು ಹೋದದ್ದೇ ತಡ, ಗಂಡನನ್ನು ಕೇಳಿದರು. ಕೋಳಿಯ ಮಾತು ಎತ್ತಲೇ ಇಲ್ಲ, ಅದು ಗೆದ್ದಾಗಿತ್ತು. ಪ್ರತಿ ಶುಕ್ರವಾರ ಸಂಜೆ ಗೇಟು ಹಾಕಿಸಿ ಹರಿಯಾಲಿಯನ್ನು ಹೆಂಗಸರಿಗೆ ಬಿಡಬೇಕು ಎಂದರು. ವಕೀಲರು ನಕ್ಕು, ಆ ಸಂಜೆ ತಾವೇ ಹಿತ್ತಲಲ್ಲಿ ಕೂರುವುದಾಗಿ ಒಪ್ಪಿದರು.

ಆ ಶುಕ್ರವಾರಗಳನ್ನು ನಮ್ಮ ಓಣಿಯ ಹೆಂಗಸರು ಯಾರೂ ಮರೆತಿರಲಾರರು. ಬುರ್ಖಾ ತೆಗೆದಿಟ್ಟವರು, ತಲೆಯ ಸೆರಗು ಜಾರಿಸಿದವರು, ಎಲ್ಲರೂ ಆಕಾಶ ನೋಡುತ್ತಾ ಹುಲ್ಲಿನ ಮೇಲೆ ಕಾಲು ಚಾಚಿದರು. ನಮ್ಮ ಅತ್ತೆಯವರೂ ತಮ್ಮದೇ ಚಾಪೆ ಹಿಡಿದು ಬಂದರು. ಸ್ವಲ್ಪ ಹೊತ್ತಿಗೆ ಚಾಪೆ ಮಡಚಿ ಬದಿಗಿಟ್ಟು, "ತಣ್ಣಗದ ಬಿಡು," ಎಂದು ಹುಲ್ಲಿಗೇ ಜರುಗಿದರು.

ಮುಂದೆ ನನ್ನ ಯಜಮಾನರು ಅಂಗಡಿಯನ್ನು ಭಾಲ್ಕಿಗೆ ಒಯ್ದದ್ದರಿಂದ ನಾವು ಊರು ಬಿಟ್ಟೆವು. ಬಹಳ ವರ್ಷಗಳ ಮೇಲೆ ನೋಡಲು ಹೋದಾಗ ವಕೀಲರು ತೀರಿಕೊಂಡಿದ್ದರು. ಖಾಲಾ ಹರಿಯಾಲಿಯ ನಡುವೆ ಮಂಚ ಹಾಕಿಸಿಕೊಂಡು ಮಲಗಿದ್ದರು. ಮರಿಕೋಳಿಗಳು ಮಂಚದ ಸುತ್ತ ಹೆಕ್ಕುತ್ತಿದ್ದವು. ಮೈಯಲ್ಲಿ ಕಸುವಿರಲಿಲ್ಲ. ನಾನು ಹೊರಟಾಗ, ಬೇಡವೆಂದರೂ ಕೇಳದೆ ನನ್ನ ಹೆಗಲು ಹಿಡಿದು ಎದ್ದರು. ಬರಿಗಾಲಲ್ಲಿ ನಿಧಾನಕ್ಕೆ ಹುಲ್ಲು ದಾಟಿ, ಗೇಟಿನ ಅಗಳಿಯನ್ನು ತಾವೇ ತೆಗೆದರು. ನಡುಹಗಲು, ಓಣಿಯ ತುಂಬ ಜನ. "ಹೋಗಿ ಬಾ ಬೇಟಾ. ನಿನ್ನ ಗಾಡಿ ತಿರುವು ದಾಟೂತನಕ ನಾ ಇಲ್ಲೇ ನಿಂದರ್ತೇನಿ," ಎಂದರು.

ತಿರುವಿನಲ್ಲಿ ಹೊರಳಿ ನೋಡಿದೆ. ತೆರೆದ ಗೇಟಿನಲ್ಲಿ, ಕಂಬಕ್ಕೂ ಆತುಕೊಳ್ಳದೆ, ನೆಟ್ಟಗೆ ನಿಂತಿದ್ದರು.