ಕರಡಿಧಾಮದಲ್ಲಿ ಮಾವನ ಕೆಮ್ಮು

ಮರಿ ಒಂದಿತ್ತೋ ಎರಡೋ, ನನ್ನ ನೆನಪು ತಪ್ಪಿರಬಹುದು. ಗುಡೇಕೋಟೆಯ ಕರಡಿಧಾಮದಲ್ಲಿ ತಾಯಿ ಕರಡಿ ಬೆನ್ನ ಮೇಲೆ ಮರಿ ಹೊತ್ತು ಬಂಡೆಯ ಸಂದಿಯಿಂದ ಹೊರಬಂದಾಗ, ಕೊಟ್ಟೂರಿನ ನನ್ನ ಸೋದರಮಾವ ನನ್ನ ಕೈಯನ್ನು ಬಿಗಿಯಾಗಿ ಹಿಡಿದದ್ದು ಮಾತ್ರ ನಿಜ. ಹರೆಯದಲ್ಲಿ, ಶೇಂಗಾ ಹೊಲದಲ್ಲಿ, ಕರಡಿಯೊಂದು ಅವರ ಕೆನ್ನೆ ಸೀಳಿತ್ತು.

ಬಳ್ಳಾರಿಯಿಂದ ಒಂದು ದಿನದ ಮಟ್ಟಿಗೆ ಬಂದಿದ್ದ ನನಗೆ ಕರಡಿ ನೋಡುವ ಆಸೆ. ಮಾವ ಮಾತ್ರ ಇಲ್ಲಿನ ದನ ಕಾಯುವವರಂತೆ ದಾರಿಯುದ್ದಕ್ಕೂ ಕೆಮ್ಮುತ್ತಲೇ ಬಂದಿದ್ದರು.

"ಕೆಮ್ಮಬ್ಯಾಡ್ರಿ ಮಾವಾ, ಕರಡಿ ಓಡಿ ಹೋಗ್ತೈತಿ."

"ಓಡ್ಲಿ ಅಂತನ ಕೆಮ್ಮಾಕತ್ತೀನಲೇ!"

ಈಗ ಎದುರಿಗೇ ಕರಡಿ ನಿಂತಾಗ ಅವರು ಕೆಮ್ಮಲಿಲ್ಲ. "ಹೋಗಬೇ ಯವ್ವಾ, ಕೂಸು ಹುಷಾರು" ಎಂದರು ಮೆಲ್ಲಗೆ. ಕರಡಿ ಕುರುಚಲಿನೊಳಗೆ ಸರಿಯಿತು.

ಮರಳುವಾಗ ಕೇಳಿದೆ: "ಮಾವಾ, ಅವತ್ತು ನಿಮ್ಮ ಮ್ಯಾಲೆ ಬಿದ್ದ ಕರಡಿ ಬೆನ್ನ ಮ್ಯಾಲೂ ಮರಿ ಇತ್ತೇನ್ರಿ?" ಅವರು ಕೆನ್ನೆಯ ಕಲೆ ಸವರಿಕೊಂಡು, ಮತ್ತೆ ಕೆಮ್ಮುತ್ತ ಮುಂದೆ ನಡೆದರು.