ಸ್ನೇಹತಾಣದಲ್ಲಿ ನಮ್ಮ ಮನೆಯ ವಿಳಾಸ

ಶಿರಸಿಯ ನಮ್ಮ ಮನೆಯಲ್ಲಿ ಕಾಗದದಷ್ಟು ತೆಳುವಾದ ಸಿಹಿತಿಂಡಿ ತೊಡೆದೇವು ಮಾಡಿ ಪೇಟೆಯ ಒಂದು ಅಂಗಡಿಗೆ ಕೊಡುತ್ತಿದ್ದೆ. ಬೆಳಿಗ್ಗೆ ಸ್ನಾನ, ದೇವರ ದೀಪ, ಆಮೇಲೆ ಹಿಟ್ಟು ತೊಡೆಯಲು ಬೋರಲು ಹಾಕಿದ ಮಡಕೆಯ ಕೆಳಗೆ ಬೆಂಕಿ. ಈ ಕ್ರಮ ತಪ್ಪುತ್ತಿರಲಿಲ್ಲ.

ಎರಡು ಸಾವಿರದ ದಶಕದ ಕೊನೆಗೆ ಸೊಸೆ ಕಂಪ್ಯೂಟರಿನ ಸ್ನೇಹತಾಣವೊಂದರಲ್ಲಿ ತೊಡೆದೇವಿನ ಫೋಟೊ ಹಾಕಿ, ಕೆಳಗೆ ಮನೆಯ ವಿಳಾಸ ಬರೆದಳು. ಜನ ಮನೆಗೇ ಬರತೊಡಗಿದರು. ನಮ್ಮಲ್ಲಿ ಬಾಗಿಲಿಗೆ ಬಂದವರಿಗೆ ಆಸರಿಗೆ ಕೊಡದೆ ಕಳಿಸುವ ರೂಢಿಯಿಲ್ಲ; ಬೆಲ್ಲ ನೀರೋ ಕಾಫಿಯೋ ಆಗಲೇಬೇಕು. ಒಂದು ಪೊಟ್ಟಣಕ್ಕೆ ಬಂದವರು ಎಲೆ ಅಡಿಕೆಯ ಕವಳ ಹಾಕಿಕೊಂಡು, ನಮಗೂ ಅವರಿಗೂ ಎಲ್ಲಿಯ ನೆಂಟಸ್ತನವೆಂದು ಹುಡುಕುತ್ತ ಕೂರುತ್ತಿದ್ದರು. ಒಳಗೆ ಮಡಕೆ ಆರುತ್ತಿತ್ತು. ಮಾಲು ಹೀಗೇ ತಡವಾದರೆ ಬೇರೆಯವರಿಂದ ತರಿಸುತ್ತೇನೆಂದು ಅಂಗಡಿಯವರು ಹೇಳಿ ಕಳಿಸಿದರು.

"ಬರೀ ಪೊಟ್ಟಣ ಕೊಟ್ಟು ಕಳ್ಸಲಾಗ್ತಿಲ್ಯ ಅತ್ತೆ?" ಎಂದಳು ಸೊಸೆ.

"ಅದು ಆಗ್ತಿಲ್ಲೆ. ಫೋಟೊ ಇರ್ಲಿ, ವಿಳಾಸ ಅಂಗಡಿದು ಹಾಕು."

ಅವಳು ಹಾಗೆಯೇ ಮಾಡಿದಳು. ಮರುದಿನ ಬೆಳಿಗ್ಗೆ, ಹಿಂದೆ ಬಂದಿದ್ದ ದಂಪತಿ ತಮ್ಮ ಭಾವನ ಮನೆಯವರನ್ನೆಲ್ಲ ಕರೆದುಕೊಂಡು ಅಂಗಳಕ್ಕೆ ಬಂದರು. ಅವರಿಗೆ ಯಾವ ವಿಳಾಸವೂ ಬೇಕಿರಲಿಲ್ಲ.

ಕಾದ ಮಡಕೆಯನ್ನು ಬಿಟ್ಟು, ಕೈಯ ಹಿಟ್ಟು ತೊಳೆದು ಹೊರಗೆ ಬಂದೆ.

"ಬನ್ನಿ, ಕೂತ್ಕಳಿ. ಆಸರಿಗೆ ಎಂತ ಮಾಡ್ಲಿ?"