ದೊಡ್ಡಮ್ಮನ ತವರಿನ ರೇಡಿಯೋ

ನಮ್ಮ ದೊಡ್ಡಪ್ಪನಿಗೆ ನೆಂಟರ ಮುಖ ಮರೆತುಹೋಗುತ್ತದೆ, ರೇಡಿಯೋಗಳ ಬೆನ್ನು ಮರೆಯುವುದಿಲ್ಲ. ಅವರ ರಿಪೇರಿ ಅಂಗಡಿಯ ಮೇಜಿನ ಮೇಲೆ ಯಾರಾದರೂ ಹಳೆಯ ಸೆಟ್ಟು ಇಟ್ಟರೆ, ಮೊದಲು ಅದನ್ನು ತಿರುಗಿಸಿ ಗೋಡೆಗೆ ಮುಖ ಮಾಡಿಸುತ್ತಾರೆ. "ಮುಂದುಗಡೆ ಪಾಲಿಶ್ ಯಾರು ಬೇಕಾದ್ರೂ ಹಾಕ್ತಾರೆ ಸ್ವಾಮಿ, ಹಿಂದುಗಡೆ ಸುಳ್ಳು ಹೇಳೋದು ಕಷ್ಟ." ಹಿಂಬದಿಯ ರಟ್ಟು ಮೊದಲಿನದೇ, ಸ್ಕ್ರೂಗಳ ತಲೆ ಸವೆದಿದೆಯೇ, ವಾಲ್ವುಗಳೆಲ್ಲ ಒಂದೇ ಕಾಲದವೇ, ತಗಡಿನಲ್ಲಿ ಬೇಡದ ತೂತುಗಳಿವೆಯೇ ಎಂದು ನೋಡುತ್ತಾರೆ. ಎಲ್ಲವೂ ಹುಟ್ಟಿದಾಗ ಇದ್ದ ಹಾಗೇ ಇದ್ದರೆ ಮಾತ್ರ ಸಂಗ್ರಹಕಾರರು ಒಳ್ಳೆಯ ಬೆಲೆ ಕೊಡುವುದು. ಇಲ್ಲದಿದ್ದರೆ, "ಹಾಡು ಕೇಳೋಕೆ ಇಟ್ಕೊಳ್ಳಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಾರೆ. ಜನ ಅವರ ಮಾತನ್ನು ನಂಬುವುದೂ ಈ ಒರಟುತನಕ್ಕೇ.

ಮನೆಯಲ್ಲಿ ಮಾತ್ರ ಬಾಯಿಗೆ ಬೀಗ. ದೊಡ್ಡಮ್ಮ ಮದುವೆಯಾಗಿ ಬರುವಾಗ ತವರಿನಿಂದ ಒಂದು ರೇಡಿಯೋ ತಂದಿದ್ದರು. "ನಮ್ಮಪ್ಪ ಹಡಗಲ್ಲಿ ತರಿಸಿದ್ದು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ದೊಡ್ಡಪ್ಪ ಮೂವತ್ತು ವರ್ಷದ ಹಿಂದೆಯೇ ಅದರ ಬೆನ್ನು ನೋಡಿಬಿಟ್ಟಿದ್ದರು. ಪೆಟ್ಟಿಗೆ ಒಂದರದು, ಗುಂಡಿಗಳು ಇನ್ನೊಂದರವು, ಒಳಗೆಲ್ಲ ಗುಜರಿ ಸೆಟ್ಟುಗಳ ಕಲಸುಮೇಲೋಗರ, ಯಾರೋ ಮನೆಯಲ್ಲೇ ಕೂತು ಬೆಸೆದದ್ದು. ಒಮ್ಮೆ ನನ್ನ ಕಿವಿಯಲ್ಲಿ ಹೇಳಿದ್ದರು: "ನಿಮ್ಮ ದೊಡ್ಡಮ್ಮನ ಮುಂದೆ ತುಟಿಪಿಟಕ್ ಅನ್ಬೇಡ. ಅಪ್ಪ ಅಂದ್ರೆ ಅವಳಿಗೆ ಪ್ರಾಣ."

ಹೋದ ತಿಂಗಳು ಸಂಗ್ರಹಕಾರರೊಬ್ಬರು ರಿಪೇರಿಗೆ ಕೊಟ್ಟ ಸೆಟ್ಟು ಒಯ್ಯಲು ಮನೆಗೇ ಬಂದರು. ಕಪಾಟಿನ ಮೇಲಿದ್ದ ತವರಿನ ರೇಡಿಯೋ ಕಂಡು ಅವರ ಕಣ್ಣು ಅರಳಿತು. "ಇದು ಯಾವ ಕಂಪನಿದು? ನೀವು ಅಸಲಿ ಅಂದ್ರೆ ಸಾಕು, ನಾನು ಬಿಚ್ಚಿ ನೋಡೋದಿಲ್ಲ."

ದೊಡ್ಡಮ್ಮ ಟೀ ಲೋಟಗಳನ್ನು ಹಿಡಿದು ಬಾಗಿಲಲ್ಲೇ ನಿಂತರು. ಅಸಲಿ ಎಂದರೆ ದೊಡ್ಡಪ್ಪ ಇಷ್ಟು ವರ್ಷ ಉಳಿಸಿಕೊಂಡ ಮಾತು ಹೋಗುತ್ತದೆ. ಅಲ್ಲವೆಂದರೆ ಹೆಂಡತಿಯ ಎದುರೇ ಅವಳ ಅಪ್ಪ ಸುಳ್ಳುಗಾರನಾಗುತ್ತಾನೆ. ನನಗಂತೂ ಅಯ್ಯೋ ಪಾಪ ಅನ್ನಿಸಿತು.

ಕೊನೆಗೆ ರೇಡಿಯೋ ಇಳಿಸಿ, ರಟ್ಟು ಬಿಚ್ಚಿ, ಬೆನ್ನು ತಿರುಗಿಸಿದರು. "ಕಂಪನಿದಲ್ಲ. ನಮ್ಮ ಮಾವ ಕೈಯಾರೆ ಜೋಡಿಸಿದ್ದು. ನಿಮ್ಮ ಸಂಗ್ರಹಕ್ಕೆ ಆಗಲ್ಲ."

ದೊಡ್ಡಮ್ಮ ಲೋಟಗಳನ್ನು ಮೇಜಿನ ಮೇಲಿಟ್ಟರು. "ಅದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ? ಜೋಡಿಸುವಾಗ ಪಕ್ಕದಲ್ಲಿ ಕೂತಿದ್ದೋಳು ನಾನೇ. ಮದುವೆಯಾದ ಹೊಸದ್ರಲ್ಲಿ ನೀವು ಎಲ್ಲರ ಸೆಟ್ಟನ್ನೂ ತೆಗಳೋದು ಕೇಳಿ, ನಮ್ಮಪ್ಪನದನ್ನೂ ಗುಜರಿ ಅಂತೀರೇನೋ ಅಂತ ಹಡಗು ಹತ್ತಿಸಿದೆ."

ಸಂಗ್ರಹಕಾರರು ನಗು ತಡೆಯಲಾರದೆ ಲೋಟಕ್ಕೆ ಬಾಯಿ ಹಚ್ಚಿದರು. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಒಳಗೆ ಬೆರಳು ತೋರಿಸಿದರು. "ಹಾಗಾದ್ರೆ ಈ ದಪ್ಪ ದಪ್ಪ ಬೆಸುಗೆ?"

"ನಂದು."

"ನಾನು ಮಾವನ ಕೈ ನಡುಗ್ತಿತ್ತು ಅಂದ್ಕೊಂಡಿದ್ದೆ."

ದೊಡ್ಡಮ್ಮನ ಮುಖ ಸಣ್ಣದಾಯಿತು. ದೊಡ್ಡಪ್ಪ ರಟ್ಟನ್ನು ಮತ್ತೆ ಕೂರಿಸುತ್ತ, ಯಾವ ಗಿರಾಕಿಯೂ ಕೇಳಿರದ ದನಿಯಲ್ಲಿ ಹೇಳಿದರು: "ನಿನ್ನ ಬೆಸುಗೆ ಒಂದೂ ಬಿಟ್ಟಿಲ್ಲ ಕಣೇ. ಇದರಲ್ಲಿ ನಾನು ಹಾಕಿದ್ದೇ ಎರಡು ಸಲ ಬಿಟ್ಟಿದೆ."